ಹಳೆಯ ಗೋಣಿಚೀಲದಿಂದ ಕಿಟಕಿ ಪರದೆ: ತಯಾರಿಕೆ ಹಾಗೂ ಮುನ್ನೆಚ್ಚರಿಕೆಗಳು

ಒಕ್ಕಣೆ ಹಾಗೂ ಮಾರಾಟದ ನಂತರ ಮನೆಯಲ್ಲಿ ಉಳಿಯುವ ಸೆಣಬಿನ ಚೀಲಗಳನ್ನು ಕಿಟಕಿ ಪರದೆಗಳಾಗಿ ಮಾರ್ಪಡಿಸಬಹುದು. ಒರಟು ನೇಯ್ಗೆಯ ಈ ಬಟ್ಟೆ ಬಿಸಿಲನ್ನು ತಡೆದು ಗಾಳಿಯಾಡಲು ಬಿಡುತ್ತದೆ. ಆದರೆ ಎಲ್ಲ ಚೀಲಗಳೂ ಇದಕ್ಕೆ ಯೋಗ್ಯವಲ್ಲ.

ಚೀಲದ ಆಯ್ಕೆ

ರಾಗಿ, ಭತ್ತ, ಕಾಳು ತುಂಬಿದ್ದ ಚೀಲಗಳನ್ನು ಮಾತ್ರ ಆರಿಸಿರಿ. ಕೀಟನಾಶಕ, ರಸಗೊಬ್ಬರ ಅಥವಾ ಉಪಚರಿಸಿದ ಬಿತ್ತನೆ ಬೀಜವಿದ್ದ ಚೀಲವನ್ನು ಎಷ್ಟೇ ತೊಳೆದರೂ ಬಳಸಕೂಡದು. ಎಳೆಗಳಲ್ಲಿ ಉಳಿದ ವಿಷವು ಮಕ್ಕಳಿಗೆ ಅಪಾಯಕಾರಿ. ಚೀಲದ ಪೂರ್ವಬಳಕೆ ತಿಳಿಯದಿದ್ದಲ್ಲಿ ಅದನ್ನು ಕೈಬಿಡಿರಿ.

ಬೇಕಾಗುವ ಸಾಮಗ್ರಿಗಳು (90 ಸೆಂ.ಮೀ. ಅಗಲ, 120 ಸೆಂ.ಮೀ. ಎತ್ತರದ ಕಿಟಕಿಗೆ)

• 50 ಕೆ.ಜಿ. ಧಾನ್ಯದ 2 ಚೀಲಗಳು (ಪ್ರತಿಯೊಂದೂ ಸುಮಾರು 94 × 57 ಸೆಂ.ಮೀ.)
• ಹಳೆಯ ಹತ್ತಿ ಸೀರೆಯ ಅಂಚು
• ಒಣಗಿದ ದಾಳಿಂಬೆ ಸಿಪ್ಪೆ 500 ಗ್ರಾಂ, ಪಟಿಕ 120 ಗ್ರಾಂ

ತಯಾರಿಸುವ ವಿಧಾನ

1. ಚೀಲಗಳನ್ನು ಕೊಡವಿ, ಹೊಲಿಗೆ ಬಿಚ್ಚಿ, ಪ್ರತಿ ಚೀಲದಿಂದ ಎರಡು ತುಂಡು ಕತ್ತರಿಸಿರಿ.
2. ಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ ತೊಳೆಯಿರಿ. ಇದರಿಂದ ಎಣ್ಣೆಯ ವಾಸನೆ ಕಡಿಮೆಯಾಗುತ್ತದೆ. ಸೆಣಬು ಒದ್ದೆಯಾದಾಗ ಬಲ ಕಳೆದುಕೊಳ್ಳುವುದರಿಂದ ಹಿಂಡಬೇಡಿ; ನೆರಳಿನಲ್ಲಿ ಒಣಗಿಸಿರಿ.
3. ಪಟಿಕ ಕರಗಿಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿರಿ. ಮರುದಿನ ಸಿಪ್ಪೆಯನ್ನು ಕುದಿಸಿ ಸೋಸಿದ ನೀರಿನಲ್ಲಿ ಮುಕ್ಕಾಲು ಗಂಟೆ ಕಾಯಿಸಿದರೆ ಹಳದಿ ಮಿಶ್ರಿತ ಕಂದು ಬಣ್ಣ ದೊರೆಯುತ್ತದೆ. ಕಬ್ಬಿಣದ ಪಾತ್ರೆಯಲ್ಲಿ ಬಣ್ಣ ಕಪ್ಪಿಡುತ್ತದೆ. ಅರಿಶಿನದ ಬಣ್ಣ ಬಿಸಿಲಿಗೆ ಬೇಗ ಮಾಸುವುದರಿಂದ ಸೂಕ್ತವಲ್ಲ.
4. ಮೂರು ತುಂಡುಗಳನ್ನು ಪಕ್ಕಪಕ್ಕ ಜೋಡಿಸಿ ಹೊಲಿಯಿರಿ. ಪರದೆಯ ಅಗಲವು ಕಿಟಕಿಯ ಅಗಲದ ಒಂದೂವರೆ ಪಟ್ಟು ಇದ್ದರೆ ನೆರಿಗೆ ಚೆನ್ನಾಗಿ ಬೀಳುತ್ತದೆ.
5. ಎತ್ತರ ಸಾಲದಿರುವುದರಿಂದ ಮೇಲೆ, ಕೆಳಗೆ ತಲಾ 30 ಸೆಂ.ಮೀ. ಸೀರೆಯ ಅಂಚನ್ನು ಸೇರಿಸಿರಿ. ಮೇಲಂಚನ್ನು ಮಡಚಿ ಕೋಲು ತೂರಿಸಲು ಜಾಗ ಬಿಡಿರಿ. ಉಳಿದ ತುಂಡಿನ ಎಳೆಗಳಿಂದ ಕುಚ್ಚು ಕಟ್ಟಿ ಕೆಳಗಿನ ಅಂಚನ್ನು ಅಲಂಕರಿಸಬಹುದು.

ರೇಷ್ಮೆ ಬೆಳೆಗಾರರ ಗಮನಕ್ಕೆ

ಬೇಸಿಗೆಯಲ್ಲಿ ಹುಳು ಸಾಕಣೆ ಮನೆಯ ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಿ ಉಷ್ಣಾಂಶ ತಗ್ಗಿಸುವುದು ರೂಢಿಯಲ್ಲಿದೆ. ಇಲ್ಲಿ ಕೀಟನಾಶಕದ ಲೇಶವಿದ್ದರೂ ಇಡೀ ಬೆಳೆ ನಾಶವಾಗಬಹುದು. ಆದ್ದರಿಂದ ಈ ಗೋಣಿಗಳನ್ನು ಪ್ರತ್ಯೇಕವಾಗಿಡಿರಿ. ಗೋಣಿಯು ಊಜಿ ನೊಣ ತಡೆಯುವ ನೈಲಾನ್ ಬಲೆಗೆ ಪರ್ಯಾಯವಲ್ಲ. ಬಲೆಯ ಹೊರಗೆ ಕಟ್ಟಿರಿ. ಮಳೆಗಾಲದಲ್ಲಿ ಒದ್ದೆ ಮಾಡಬೇಡಿ. ಅಧಿಕ ತೇವಾಂಶ ರೋಗಕ್ಕೆ ಆಸ್ಪದ ನೀಡುತ್ತದೆ.

ನಿರ್ವಹಣೆ

ಸೆಣಬು ಬೇಗ ಹೊತ್ತಿಕೊಳ್ಳುವ ನಾರು. ಒಲೆ, ದೀಪ, ದೇವರ ಮನೆಯ ಸಮೀಪದ ಕಿಟಕಿಗೆ ಇದನ್ನು ಕಟ್ಟಬಾರದು. ತಿಂಗಳಿಗೊಮ್ಮೆ ಧೂಳು ಕೊಡವಿರಿ. ಬೂಷ್ಟು ಕಂಡುಬಂದಲ್ಲಿ ತಕ್ಷಣ ತೆಗೆದು ತೊಳೆದು ಸಂಪೂರ್ಣ ಒಣಗಿಸಿ ಮರುಬಳಸಿರಿ. ಎಳೆಗಳು ಜೀರ್ಣವಾದ ಬಣ್ಣವಿಲ್ಲದ ಗೋಣಿಯನ್ನು ತೋಟದಲ್ಲಿ ಹೊದಿಕೆಯಾಗಿ ಹಾಸಿದರೆ ಅದು ಮಣ್ಣಿನಲ್ಲಿಯೇ ಕಳಿತು ಸೇರುತ್ತದೆ.