ಓಝೋನ್ ಪದರವೂ ಒಂದು ಸಂಶೋಧನಾ ಅನುದಾನವೂ

ಡಾಕ್ಟರೇಟ್ ಪಡೆದವರಿಗೆ ಮತ್ತೇಕೆ ತರಬೇತಿ, ಅದಕ್ಕೇಕೆ ಸರ್ಕಾರದ ಹಣ ಎಂದು ಕೇಳುವವರುಂಟು. ವಿದ್ಯಾರ್ಥಿಮಿತ್ರರೇ, ಇದಕ್ಕೆ ಇತಿಹಾಸವೇ ಉತ್ತರ ಹೇಳುತ್ತದೆ.

1973ರಲ್ಲಿ ಮೆಕ್ಸಿಕೋದ ಮಾರಿಯೋ ಮೊಲಿನಾ ಡಾಕ್ಟರೇಟೋತ್ತರ ಸಂಶೋಧಕರಾಗಿ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಷೆರ್ವುಡ್ ರೋಲೆಂಡರನ್ನು ಸೇರಿದರು. ರೋಲೆಂಡರ ವಿಕಿರಣ ರಸಾಯನಶಾಸ್ತ್ರಕ್ಕೆ ಅನುದಾನ ನೀಡುತ್ತಿದ್ದುದು ಅಮೆರಿಕದ ಅಣುಶಕ್ತಿ ಆಯೋಗ. ಆ ವರ್ಷದ ಮನವಿಯಲ್ಲಿ ಅವರು, ಫ್ರಿಜ್ಜು ಹಾಗೂ ಸ್ಪ್ರೇ ಡಬ್ಬಿಗಳ ಕ್ಲೋರೋಫ್ಲೋರೋಕಾರ್ಬನ್ ವಾಯುಮಂಡಲದಲ್ಲಿ ಏನಾಗುತ್ತದೆಂಬ ಪ್ರಶ್ನೆಯನ್ನೂ ಸೇರಿಸಿದರು. ಮೊಲಿನಾ ಅದನ್ನೇ ಆರಿಸಿಕೊಂಡರು.

ಆ ಅನಿಲವು ಮೇಲೇರಿ, ಅತಿನೇರಳೆ ಕಿರಣಗಳಿಂದ ಒಡೆದು, ಹೊರಬಿದ್ದ ಕ್ಲೋರಿನ್ ಓಝೋನನ್ನು ನಾಶಮಾಡುವುದೆಂದು 1974ರ ಜೂನ್‌ನಲ್ಲಿ ಇಬ್ಬರೂ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಉದ್ಯಮಗಳು ವಿರೋಧಿಸಿದವು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. 1995ರಲ್ಲಿ ಪಾಲ್ ಕ್ರುಟ್ಜೆನ್‌ರೊಡನೆ ಇವರಿಗೆ ನೊಬೆಲ್ ಸಂದಿತು.

ಅಣುವಿಗೆಂದು ಮೀಸಲಾದ ಹಣದಲ್ಲಿ ಆಕಾಶದ ಪ್ರಶ್ನೆಗೂ ಪಾಲು ದೊರೆಯದಿದ್ದರೆ, ಆ ಎಚ್ಚರಿಕೆ ಎಷ್ಟು ತಡವಾಗುತ್ತಿತ್ತೋ!