ಹಳೆಯ ಕಾರು: ಸಾಕುವ ಸುಖ, ರಿಪೇರಿಯ ಸಂಕಟ

ಹಳೆಯ ಅಂಬಾಸಿಡರ್ ಅಥವಾ ಫಿಯೆಟ್ ಕಾರನ್ನು ಇನ್ನೂ ಮಾರದೆ ಇಟ್ಟುಕೊಂಡವರು ಹೇಳುವ ಕಾರಣಗಳಲ್ಲಿ ಒಂದು ತೀರಾ ಸರಳವಾದದ್ದು. ಬಾನೆಟ್ ಎತ್ತಿದರೆ ಏನು ಕೆಟ್ಟಿದೆ ಎಂಬುದು ಕಣ್ಣಿಗೆ ಕಾಣುತ್ತದೆ! ಕಾರ್ಬುರೇಟರ್, ಪೆಟ್ರೋಲ್ ಪಂಪು, ಡಿಸ್ಟ್ರಿಬ್ಯೂಟರ್ ಎಲ್ಲವೂ ಕೈಗೆ ಸಿಗುವಂತಿವೆ. ಪ್ಲಗ್ಗು ಬಿಚ್ಚಿ ಉಜ್ಜಿ, ಪಾಯಿಂಟ್ ಸರಿಮಾಡಿದರೆ ಅರ್ಧ ರೋಗ ವಾಸಿ.

ಇಷ್ಟು ಸುಲಭವಾಗಿ ರಿಪೇರಿಯಾಗುವುದನ್ನು ಕಾರಿನ ಗುಣವೆಂದೇ ಹೊಗಳುವುದು ರೂಢಿ. ಆದರೆ ಅದರಲ್ಲಿ ದೊಡ್ಡ ಪಾಲು ಸಲ್ಲಬೇಕಾದುದು ದೇಶ ಆಗ ಅನುಭವಿಸುತ್ತಿದ್ದ ಅಭಾವಕ್ಕೆ.

ಭಾರತದಲ್ಲಿಯೇ ಕಾರು ತಯಾರಾಗಬೇಕು ಎಂಬ ಕನಸಿಗೆ ಕನ್ನಡ ನಾಡಿನ ನಂಟೂ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕಗಳಲ್ಲಿ ಸುತ್ತಾಡಿ, ಅಲ್ಲಿನ ಕಾರು ಉದ್ಯಮವನ್ನು ಕಂಡು ಬಂದು ಯೋಜನೆಯೊಂದನ್ನು ಸಿದ್ಧಪಡಿಸಿದ್ದರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಇದೇ ಕನಸು ಹೊತ್ತಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆಗೂಡಿ 1940ರಲ್ಲಿ ಬೆಂಗಳೂರಿನಲ್ಲಿ ತೆರೆದದ್ದು ವಿಮಾನದ ಕಾರ್ಖಾನೆಯನ್ನು. ಅವರ ಕಾರಿನ ಕಂಪೆನಿ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಹುಟ್ಟಿ, ಮುಂಬೈಯ ಕುರ್ಲಾದಲ್ಲಿ ನೆಲೆಯೂರಿತು. ಅದಕ್ಕೆ ಎರಡು ವರ್ಷ ಮೊದಲೇ ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟಾರ್ಸ್ ಆರಂಭವಾಗಿತ್ತು.

ಸ್ವಾತಂತ್ರ್ಯದ ನಂತರ ಸರ್ಕಾರ ಒಂದು ನಿರ್ಧಾರ ಕೈಗೊಂಡಿತು. ಬಿಡಿಭಾಗಗಳನ್ನು ತರಿಸಿ ಬರೀ ಜೋಡಿಸಿ ಮಾರುವ ಕಂಪೆನಿಗಳಿಗೆ ಇಲ್ಲಿ ಜಾಗವಿಲ್ಲ, ಹಂತಹಂತವಾಗಿ ಇಲ್ಲಿಯೇ ತಯಾರಿಸಬೇಕು ಎಂದಿತು. ಫೋರ್ಡ್, ಜನರಲ್ ಮೋಟಾರ್ಸ್ 1950ರ ದಶಕದ ಮೊದಲ ಭಾಗದಲ್ಲಿಯೇ ಗಂಟುಮೂಟೆ ಕಟ್ಟಿದವು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಅಂಬಾಸಿಡರ್ ಆಯಿತು. ಇಟಲಿಯ ಫಿಯೆಟ್ 1100 ಮುಂದೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಕೊಳ್ಳುವವನಿಗೆ ಬೇರೆ ದಾರಿಯಿಲ್ಲದಿರುವಾಗ ತಯಾರಕನಿಗೆ ಬದಲಾಯಿಸುವ ಅವಸರವಾದರೂ ಏನು? ಮುಂಭಾಗದ ಜಾಲರಿ, ದೀಪ, ಡ್ಯಾಶ್‌ಬೋರ್ಡು ಬದಲಾದವೇ ಹೊರತು ಅಂಬಾಸಿಡರಿನ ಗುಂಡುಗುಂಡಾದ ಮೈ ಬದಲಾಗಲಿಲ್ಲ. 1489 ಸಿ.ಸಿ. ಎಂಜಿನ್ ದಶಕಗಳ ಕಾಲ ದುಡಿಯಿತು. ಇಸುಜು ಎಂಜಿನ್ ಬಂದದ್ದು 1992ರಲ್ಲಿ.

ಗ್ರಾಹಕರಿಗೆ ಇದು ಅನ್ಯಾಯವೇ ಸರಿ. ಆದರೆ ಗ್ಯಾರೇಜಿನವರಿಗೆ ವರವಾಯಿತು. ಒಂದೇ ಕಾರನ್ನು ತಂದೆ ಬಿಚ್ಚಿದ್ದ, ಮಗನೂ ಬಿಚ್ಚಿದ. ಊರೂರಿನಲ್ಲಿಯೂ ಅದರ ಒಳಗುಟ್ಟು ಬಲ್ಲ ಮೇಸ್ತ್ರಿಗಳು ಹುಟ್ಟಿಕೊಂಡರು. ಸಿಗದ ಬುಷ್ಷನ್ನು ಲೇತ್‌ನಲ್ಲಿ ಕಡೆದು ಕೊಡುತ್ತಿದ್ದರು. ಸವೆದ ಎಂಜಿನ್ನಿಗೆ ಬೋರ್ ಹೊಡೆಸಿ ಮತ್ತೊಂದು ಆಯುಸ್ಸು ಕೊಡುತ್ತಿದ್ದರು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹೊಸ ಬಿಡಿಭಾಗ, ಶಿವಾಜಿನಗರದ ಗುಜರಿಯಲ್ಲಿ ಹಳೆಯದು. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಪೆಟ್ರೋಲ್ ಕಾದು ಆವಿಯಾಗಿ ಕಾರು ನಿಂತರೆ ಪಂಪಿನ ಮೇಲೊಂದು ಒದ್ದೆ ಬಟ್ಟೆ ಹಾಕಿ, ಸ್ವಲ್ಪ ಹೊತ್ತು ಕಾದು, ಮತ್ತೆ ಹೊರಡುವುದು. ಮನೆಮಂದಿಯೆಲ್ಲ ಕೆಳಗಿಳಿದು ಬುತ್ತಿ ಬಿಚ್ಚಲು ಅದೂ ಒಂದು ನೆಪ.

ಹಾಗೆಂದು ಖರ್ಚು ಇರಲಿಲ್ಲವೆಂದಲ್ಲ. ಒಂದೊಂದು ಸಲದ ಬಿಲ್ಲು ಚಿಕ್ಕದು, ಆದರೆ ಮುಗಿಯುವುದೇ ಇಲ್ಲ. ಕಿಂಗ್‌ಪಿನ್ ಆಯಿತೆಂದರೆ ಕ್ಲಚ್ಚು, ಕ್ಲಚ್ಚು ಆಯಿತೆಂದರೆ ರೇಡಿಯೇಟರ್. ಎಲ್ಲಕ್ಕಿಂತ ದೊಡ್ಡ ಶತ್ರು ತುಕ್ಕು. ಎಂಜಿನ್ ಬಿಚ್ಚಿ ಕಟ್ಟಬಹುದು. ನೆಲದ ತಗಡೇ ಕರಗಿದರೆ ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಕರಾವಳಿಯ ಉಪ್ಪುಗಾಳಿಯಲ್ಲಿ ಕಾರು ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯಿತು. ಅಭಾವ ಕರಗತೊಡಗಿತು, ಅದರೊಂದಿಗೆ ಅಗ್ಗದ ರಿಪೇರಿಯೂ. ಪದ್ಮಿನಿಯ ತಯಾರಿಕೆ ಈ ಶತಮಾನದ ಆರಂಭದಲ್ಲಿ ನಿಂತಿತು, ಅಂಬಾಸಿಡರಿನದು 2014ರಲ್ಲಿ. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಕಂಪ್ಯೂಟರ್ ಜೋಡಿಸಿ ದೋಷ ಹುಡುಕಲು ಕಲಿತ ಹುಡುಗನಿಗೆ ಪಾಯಿಂಟ್ ಗ್ಯಾಪ್ ಇಡುವ ಕೆಲಸ ಏಕೆ ಬೇಕು? ಬಲ್ಲ ಮೇಸ್ತ್ರಿಗೆ ವಯಸ್ಸಾಗಿದೆ, ಬೇಕಾದ ಬಿಡಿಭಾಗಕ್ಕೆ ಹುಡುಕಾಟ. ಬಂಕಿನಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರ್ ಪೈಪುಗಳಿಗೆ ಒಗ್ಗದು. ಒಂದು ಕಾಲಕ್ಕೆ ಬಡ ಮಧ್ಯಮವರ್ಗದವರೂ ಸಾಕಬಲ್ಲ ವಾಹನವಾಗಿದ್ದದ್ದು ಹೀಗೆ ಶ್ರೀಮಂತರ ಹವ್ಯಾಸವಾಗುತ್ತಿದೆ.

ಕಾನೂನೂ ಅದೇ ದಿಕ್ಕಿಗೆ ತಳ್ಳುತ್ತಿದೆ. ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಇದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ಆಯಿತು. ಹಳೆಯ ಕಾರಿನ ಹೊಗೆಯನ್ನು ನೆನೆದರೆ ಸರ್ಕಾರದ ವಾದ ಪೊಳ್ಳೆಂದು ತಳ್ಳಿಹಾಕುವಂತೆಯೂ ಇಲ್ಲ. 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿ ಮೂಲರೂಪದಲ್ಲಿರುವ ಕಾರು 'ವಿಂಟೇಜ್' ಗೌರವಕ್ಕೆ ಅರ್ಹ. 1985ರ ಪದ್ಮಿನಿ ಆ ಗೌರವಕ್ಕೆ 2035ರವರೆಗೆ ಕಾಯಬೇಕು. ಆಮೇಲೆ ವಿಂಟೇಜ್ ಎಂದು ನೋಂದಾಯಿಸಿದರೆ ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲು, ರಿಪೇರಿ ಇಷ್ಟಕ್ಕೆ ಮಾತ್ರ ಅದು ರಸ್ತೆಗಿಳಿಯಬಹುದು. ತರಕಾರಿ ತರಲು ಮಾರುಕಟ್ಟೆಗೆ ಒಯ್ಯುವಂತಿಲ್ಲ.