ಶಾಕ್ ಅಬ್ಸಾರ್ಬರ್: ಬರೆದಿಡದ ಕಸುಬಿನ ಚರಿತ್ರೆ

ಹಳೆಯ ಕಾರುಗಳ ಪ್ರದರ್ಶನಕ್ಕೆ ಹೋದರೆ ನಾವು ಹೊಳೆಯುವ ಬಣ್ಣ ನೋಡುತ್ತೇವೆ, ಯಾವ ಮಹಾರಾಜರ ಕಾರು ಎಂದು ಕೇಳುತ್ತೇವೆ. ಬಗ್ಗಿ ಚಕ್ರದ ಹಿಂದೆ ಇಣುಕುವವರು ಕಡಿಮೆ. ಅಲ್ಲಿ ಎಣ್ಣೆ, ಧೂಳು ಮೆತ್ತಿಕೊಂಡಿರುವ ಶಾಕ್ ಅಬ್ಸಾರ್ಬರಿಗೂ ಒಂದು ಚರಿತ್ರೆಯಿದೆ.

ಅದರ ಹೆಸರೇ ಸ್ವಲ್ಪ ತಪ್ಪು. ರಸ್ತೆಯ ಹೊಡೆತವನ್ನು ಮೊದಲು ತಾಳುವುದು ಕಮಾನು ಪಟ್ಟಿ, ಅಂದರೆ ಸ್ಪ್ರಿಂಗ್. ಆದರೆ ಒಮ್ಮೆ ತಗ್ಗಿದ ಸ್ಪ್ರಿಂಗ್ ಸುಮ್ಮನಿರದೆ ಮತ್ತೆ ಮತ್ತೆ ಪುಟಿಯುತ್ತದೆ. ಆ ಪುಟಿತವನ್ನು ಅಡಗಿಸಿ, ಅದರ ಶಕ್ತಿಯನ್ನು ಶಾಖವಾಗಿ ಕಳೆಯುವುದು ಶಾಕ್ ಅಬ್ಸಾರ್ಬರಿನ ಕೆಲಸ. ಕುದುರೆ ಗಾಡಿಯ ವೇಗಕ್ಕೆ ಪಟ್ಟಿಗಳ ನಡುವಿನ ಉಜ್ಜಾಟವೇ ಸಾಕಾಗಿತ್ತು. ಮೋಟಾರು ವೇಗ ಹೆಚ್ಚಿಸಿದಾಗ ಅದು ಸಾಲದಾಯಿತು.

ಫ್ರಾನ್ಸಿನ ಟ್ರುಫೋ ಎಂಬಾತ ಕತ್ತರಿಯಂತಹ ಎರಡು ತೋಳುಗಳ ನಡುವೆ ಬಿಲ್ಲೆಗಳನ್ನು ಬಿಗಿದು, ಉಜ್ಜಾಟದಿಂದಲೇ ಪುಟಿತ ತಡೆಯುವ ಉಪಾಯ ಮಾಡಿದ. ಅದನ್ನು ಅಮೆರಿಕದಲ್ಲಿ ಬೆಳೆಸಿದವನು ಎಡ್ವರ್ಡ್ ಹಾರ್ಟ್‌ಫರ್ಡ್. ಫ್ರಾನ್ಸಿನವನೇ ಆದ ಮೋರಿಸ್ ಹುಡಾಯ್ ಉಜ್ಜಾಟದ ಬದಲು ದ್ರವವನ್ನು ಬಳಸಿದ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರುಗಳು ಒಂದೂವರೆ ಕೋಟಿಗೂ ಹೆಚ್ಚು. ಕಾರ್ಖಾನೆಯಿಂದ ಬರುವಾಗ ಅವಕ್ಕೆ ಶಾಕ್ ಅಬ್ಸಾರ್ಬರೇ ಇರಲಿಲ್ಲ. 1927ರ ಡಿಸೆಂಬರಿನಲ್ಲಿ ಬಂದ ಮಾಡೆಲ್ ಎ ಕಾರಿನ ನಾಲ್ಕೂ ಚಕ್ರಗಳಿಗೆ ಹುಡಾಯ್ ಮಾದರಿಯವು ಬಂದವು. ಸುಖ ಪ್ರಯಾಣ ಸಾಮಾನ್ಯರ ಕಾರಿಗೂ ದಕ್ಕಿತು.

ಫೋರ್ಡ್ ಕಂಪನಿಯ ಕೆನಡಾ ಶಾಖೆ 1926ರಲ್ಲಿ ಭಾರತದಲ್ಲಿ ತನ್ನ ಅಂಗಸಂಸ್ಥೆಯನ್ನು ತೆರೆದಿತ್ತು. 1950ರ ದಶಕದಲ್ಲಿ ಆಮದಿನ ಮೇಲೆ ಕಟ್ಟುಪಾಡು ಬಿಗಿಯಾಗಿ ಆ ವ್ಯವಹಾರ ಮುಚ್ಚಿತು. ಕಾರುಗಳು ಉಳಿದವು, ಬಿಡಿಭಾಗಗಳು ದುರ್ಲಭವಾದವು. ಹೊಸದು ಸಿಗದ ಕಡೆ ಹಳೆಯದನ್ನೇ ಬಿಚ್ಚಿ ಸರಿಪಡಿಸಬೇಕು. ನಮ್ಮ ಊರುಗಳ ಮಿಸ್ತ್ರಿಗಳ ಕಸುಬು ಬೆಳೆದದ್ದು ಈ ಕೊರತೆಯಲ್ಲೇ.

ಹುಡಾಯ್ ಮಾದರಿಯ ಒಳಗೆ ದುಂಡನೆಯ ಕೋಣೆ, ಅದರಲ್ಲಿ ಎರಡು ರೆಕ್ಕೆಗಳುಳ್ಳ ಶಾಫ್ಟ್, ತುಂಬಾ ಗ್ಲಿಸರಿನ್. ತೋಳು ಅಲುಗಿದಾಗ ರೆಕ್ಕೆ ತಿರುಗಿ ಗ್ಲಿಸರಿನ್ ಸಣ್ಣ ದಾರಿಯಲ್ಲಿ ನುಸುಳಬೇಕು. ಆ ದಾರಿಯನ್ನು ಹಿರಿದು ಕಿರಿದು ಮಾಡಲು ನಡುವೆ ಒಂದು ಸೂಜಿ ವಾಲ್ವ್. ಆದರೆ ಗ್ಲಿಸರಿನ್ ಗಾಳಿಯ ತೇವವನ್ನು ಹೀರುತ್ತದೆ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಒಳಗೆಲ್ಲ ತುಕ್ಕು ಹಿಡಿದು ರೆಕ್ಕೆ ಕಚ್ಚಿಕೊಳ್ಳುತ್ತದೆ.

ಬಿಚ್ಚುವ ಮೊದಲು ಯಾವುದು ಯಾವ ಚಕ್ರದ್ದು, ತೋಳು ಯಾವ ಕಡೆಗಿತ್ತು ಎಂದು ಗುರುತು ಹಾಕಿಕೊಳ್ಳಬೇಕು. ಎಡಬಲ ಅದಲುಬದಲಾದರೆ ಶ್ರಮವೆಲ್ಲ ವ್ಯರ್ಥ. ಜಾಮ್ ಆದ ಮುಚ್ಚಳವನ್ನು ಸುತ್ತಿಗೆಯಿಂದ ಗೆಲ್ಲಲಾಗದು. ಎಣ್ಣೆ ಬಿಟ್ಟು, ದಿನಗಟ್ಟಲೆ ಕಾದು, ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ತುಕ್ಕು ತೆಗೆದು ರೆಕ್ಕೆಯ ಅಂಚು ಸವೆದಿದೆಯೇ ನೋಡಬೇಕು. ಸವೆದಿದ್ದರೆ ಲೋಹ ತುಂಬಿ ಲೇತ್‌ನಲ್ಲಿ ಅಳತೆಗೆ ತರಬೇಕು. ಪ್ಯಾಕಿಂಗ್ ಬದಲಾಯಿಸಿ, ದ್ರವ ತುಂಬಿ, ತೋಳನ್ನು ಹಿಂದೆ ಮುಂದೆ ಆಡಿಸಿ ಗಾಳಿ ಹೊರಗೆ ಹಾಕಬೇಕು. ಕೊನೆಯ ಪರೀಕ್ಷೆ ಕೈಯದೇ: ತೋಳು ಎಲ್ಲಿಯೂ ತಟ್ಟನೆ ಹಗುರಾಗದೆ ಒಂದೇ ಸಮನಾದ ಬಿಗುವಿನಿಂದ ಚಲಿಸಬೇಕು.

ಈ 'ಒಂದೇ ಸಮನಾದ ಬಿಗುವು' ಎಷ್ಟು ಎಂಬುದನ್ನು ಪುಸ್ತಕ ಹೇಳಲಾರದು. ಉಸ್ತಾದರು ಶಾಗಿರ್ದನ ಕೈ ಹಿಡಿದು ತೋರಿಸಬೇಕು. ಇಂದು ಹಳೆಯ ಕಾರಿಗೂ ಕೊಳವೆಯಾಕಾರದ ಹೊಸ ಶಾಕ್ ಅಬ್ಸಾರ್ಬರ್ ಜೋಡಿಸಬಹುದು. ಕೆಲಸ ಸುಲಭ, ಕಾರು ಓಡುತ್ತದೆ. ಹಳೆಯದು ಗುಜರಿಗೆ ಹೋಗುತ್ತದೆ. ಅದರ ಜೊತೆಗೆ ಅದನ್ನು ಬಿಚ್ಚಬಲ್ಲ ಕೈಗಳ ಅಗತ್ಯವೂ ಇಲ್ಲವಾಗುತ್ತದೆ.

ಟ್ರುಫೋ, ಹಾರ್ಟ್‌ಫರ್ಡ್, ಹುಡಾಯ್ ಇವರ ಹೆಸರು ಪೇಟೆಂಟುಗಳಲ್ಲಿ ಉಳಿದಿದೆ. ಆ ಯಂತ್ರಗಳನ್ನು ದಶಕಗಳ ಕಾಲ ಬದುಕಿಸಿದ ನಮ್ಮ ಮಿಸ್ತ್ರಿಗಳ ಹೆಸರು ಬಿಲ್ ಪುಸ್ತಕದಲ್ಲೂ ಇಲ್ಲ. ಅವರಲ್ಲಿ ಅನೇಕರು ನಮ್ಮ ಮೊಹಲ್ಲಾಗಳವರೇ, ಶಾಲೆ ಬಿಟ್ಟು ಸ್ಪಾನರ್ ಹಿಡಿದವರು. ಅವರ ಬಡತನದ ಬಗ್ಗೆ ನಾವು ಕಥೆ ಬರೆದಿದ್ದೇವೆ. ಅವರ ಜ್ಞಾನದ ಬಗ್ಗೆ ಕೇಳಿದ್ದು ಕಡಿಮೆ. ಪಕ್ಕದ ಗ್ಯಾರೇಜಿನಲ್ಲಿ ಅಂಥ ಹಿರಿಯರೊಬ್ಬರು ಇನ್ನೂ ಇದ್ದರೆ, ಒಂದು ಸಂಜೆ ಹೋಗಿ ಕುಳಿತು ಕೇಳೋಣ, ಬರೆದುಕೊಳ್ಳೋಣ. ಅದೂ ನಾಡಿನ ಚರಿತ್ರೆಯೇ.